ಗಾಜಿನ ಕೋಟೆಗೆ ಹೋದ ಕುಲಾವಿ

ಬೆಂಕಿಗೆ ಬಿಸಿಯನ್ನು ಕೊಟ್ಟವನೇ, ನೀರಿಗೆ ತಂಪನ್ನು ಕೊಟ್ಟವನೇ, ಈ ಎರಡನ್ನೂ ಅರಿಯಲೆಂದು ನಮಗೆ ಇಷ್ಟು ಚರ್ಮವನ್ನು ಹೊದಿಸಿದವನೇ, ಮೊದಲು ನಿನಗೆ ಕೈಮುಗಿಯುತ್ತೇನೆ. ಕಥೆ ನಿನ್ನದು, ನಾಲಿಗೆ ನೀನು ಕೊಟ್ಟದ್ದು. ತಪ್ಪಿ ಆಡಿದರೆ ತಿದ್ದು, ಮರೆತು ನಿಂತರೆ ನೆನಪಿಸು. ಕೇಳಲು ಕುಳಿತವರ ನಡುವೆ ನೀನೂ ಒಂದು ಮೂಲೆಯಲ್ಲಿ ಬಂದು ಕುಳಿತುಕೋ ಸ್ವಾಮಿ.

ಒಂದು ಊರು. ಊರಿನ ತಲೆಯ ಮೇಲೆ ಬೆಟ್ಟ, ಬೆಟ್ಟದ ತಲೆಯ ಮೇಲೆ ಕೋಟೆ. ಕೋಟೆಯಲ್ಲಿ ಒಂದು ಕಾಲಕ್ಕೆ ಅರಸರು ಇದ್ದರು. ಈಗ ಗಾಜಿನ ಪೆಟ್ಟಿಗೆಗಳು ಇದ್ದವು.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ತಾಳಲಾಗದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಕೋಟೆಗೆ ಕೊಟ್ಟುಬಿಡಬೇಕು. ಗಂಡ ಸತ್ತರೆ ಗಂಡನ ಊರುಗೋಲು. ಅಣ್ಣತಮ್ಮಂದಿರು ಮುನಿದು ಬೇರೆಯಾದರೆ ಇಬ್ಬರೂ ಕೂಡಿ ಉಂಡ ತಟ್ಟೆ. ಮದುವೆ ಮುರಿದರೆ ಒಮ್ಮೆಯೂ ಉಡದ ಸೀರೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಬೇಕು. ಆ ವಸ್ತುವಿನ ಮೇಲೆ ಒಟ್ಟಿಗೆ ಕೈಯಿಟ್ಟು, "ನಮ್ಮದಾಗಿದ್ದದ್ದು ಕೋಟೆಯದಾಯಿತು" ಎನ್ನಬೇಕು. ಗಾಜಿನ ಮುಚ್ಚಳ ಬೀಳಬೇಕು. ಮುಚ್ಚಳ ಬಿದ್ದ ಮೇಲೆ ಅದು ನೋಯಿಸುವುದಿಲ್ಲ, ನೋಡುವ ವಸ್ತುವಾಗುತ್ತದೆ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಬಂದು, "ಅಗೋ, ಅದು ನಿಮ್ಮ ತಾತಂದು" ಎಂದು ಬೆರಳು ತೋರಿಸಿ, ಚಿತ್ರಾನ್ನ ತಿಂದು, ಸಂಜೆಗೆ ಇಳಿದು ಹೋಗಬಹುದು.

ಕೊಟ್ಟ ಕೈ ಮಾತ್ರ ಸ್ವಲ್ಪ ಮರಗಟ್ಟುತ್ತಿತ್ತು. ಮೊದಲ ಸಲ ಬೆರಳ ತುದಿ, ಮುಂದಿನ ಸಲ ಅಂಗೈ, ಆಮೇಲೆ ಮಣಿಕಟ್ಟು. ಹಾಗೇ ಮೇಲೇರುತ್ತಿತ್ತು. ಊರಿನವರು ಇದನ್ನು ಕೈ ಮಾಗುವುದು ಎನ್ನುತ್ತಿದ್ದರು. ಮಾಗಿದ ಕೈಯ ಹೆಂಗಸರು ಕುದಿಯುವ ಪಾತ್ರೆಯನ್ನು ಒಲೆಯಿಂದ ಬರಿಗೈಯಲ್ಲೇ ಇಳಿಸುತ್ತಿದ್ದರು. ಮಾಗಿದ ಕೈಯ ಗಂಡಸರು ಕೆಂಡವನ್ನು ಬೆರಳಲ್ಲೇ ಎತ್ತಿ ಬೀಡಿ ಹಚ್ಚುತ್ತಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿಯ ಅಡುಗೆ ಕೇಳುವ ಮುಂಚೆ, ಪಾತ್ರೆ ಇಳಿಸುವುದನ್ನು ನೋಡುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ನೋವು ಬೇಡ ಎಂದವರನ್ನು ಸ್ವಾಮಿಯೇ ದೂರಲಿಲ್ಲ, ನಾನು ಯಾರು?

ಆ ಊರಿನ ಒಂದು ಮನೆಯಲ್ಲಿ ಒಬ್ಬ ತಾಯಿ. ಜೊತೆಗೆ ಅವಳ ಗಂಡ, ಗಂಡನ ತಾಯಿ, ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ ಆಗಷ್ಟೇ ಮುಂದಿನ ಹಾಲುಹಲ್ಲು ಬಿದ್ದಿತ್ತು. ಕಿರಿಯವಳು ಇನ್ನೂ ಸೆರಗು ಹಿಡಿದು ನಡೆಯುವವಳು. ತೊಟ್ಟಿಲಲ್ಲಿ ಮೂರನೆಯದೊಂದು ಇತ್ತು. ಚಳಿಗಾಲ ಮುಗಿಯುವ ಮುಂಚೆ ಅದು ಹೋಯಿತು.

ತಾಯಿಯ ಕೈ ಮೊಣಕೈಯ ಕೆಳಗಿನವರೆಗೆ ಮಾಗಿತ್ತು. ತವರಿನ ಸಾವುಗಳನ್ನೆಲ್ಲ ಅವಳು ಕೋಟೆಗೆ ಕೊಟ್ಟಿದ್ದಳು. ಆದರೆ ತೋಳಿನ ಮಡಿಕೆ, ಕೂಸಿಗೆ ಹಾಲೂಡುವಾಗ ಕೂಸಿನ ತಲೆ ಬಂದು ಕೂರುವ ಆ ಒಂದು ಅಂಗೈ ಅಗಲದ ಜಾಗ, ಅದಿನ್ನೂ ಹಸಿಯಾಗಿತ್ತು. ಪ್ರತಿ ಸಂಜೆ ಹಾಲಿನ ಹೊತ್ತಿಗೆ ಅಲ್ಲಿ ಭಾರವಾಗುತ್ತಿತ್ತು. ಭಾರದ ಜೊತೆಗೆ ಬಿಸಿ. ಉಳಿದ ಮೈಯಲ್ಲಿ ಅವಳಿಗೆ ಏನೂ ಇರಲಿಲ್ಲ. ಅತ್ತಿರಲಿಲ್ಲ. ನೀರು ಸೇದುತ್ತಿದ್ದಳು, ಅನ್ನ ಬಡಿಸುತ್ತಿದ್ದಳು, ಮಕ್ಕಳ ತಲೆ ಬಾಚುತ್ತಿದ್ದಳು. ಸಂಜೆಯಾದರೆ ಸಾಕು, ಆ ಮಡಿಕೆ ಸುಡಲು ತೊಡಗುತ್ತಿತ್ತು.

ಸುಡುವುದಕ್ಕೆ ಕಾರಣವಿತ್ತು. ಕೂಸು ಹೋಗುವ ಹಿಂದಿನ ಸಂಜೆ ಅದನ್ನು ತೋಳಿಗೆ ತೆಗೆದುಕೊಂಡವಳು, "ಅತ್ತೆ, ಕೂಸಿನ ತಲೆ ಸುಡ್ತಿದೆ" ಎಂದಿದ್ದಳು. ಅತ್ತೆ ಹಣೆಯ ಮೇಲೆ ಅಂಗೈ ಇಟ್ಟು ನೋಡಿ, "ಏನೂ ಇಲ್ವಲ್ಲೇ, ತಣ್ಣಗಿದೆ" ಎಂದಿದ್ದರು. ಗಂಡನೂ ಅಂಗೈ ಇಟ್ಟು ನೋಡಿ, "ಬಾಣಂತಿಗೆ ಹಾಗೆಲ್ಲ ಅನಿಸುತ್ತೆ" ಎಂದಿದ್ದ. ತನ್ನ ಅಂಗೈಯನ್ನೇ ಇಟ್ಟು ನೋಡಿದಳು. ಅದೂ ಏನೂ ಇಲ್ಲವೆಂದಿತು. ಮೂರು ಅಂಗೈಗಳ ಮಾತಿನ ಮುಂದೆ ಒಂದು ತೋಳಿನ ಮಡಿಕೆಯ ಮಾತು ಎಷ್ಟರದು? ಅವಳು ಅಂಗೈಗಳನ್ನು ನಂಬಿದಳು. ಬೆಳಗಾಗುವಷ್ಟರಲ್ಲಿ ಕೂಸು ನಿಜಕ್ಕೂ ತಣ್ಣಗಾಗಿತ್ತು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಕೂಸಿನ ಕುಲಾವಿಯನ್ನು, ಕಿವಿಯ ಮೇಲೆ ಕೆಂಪು ದಾರದ ಹೂವಿದ್ದ ಆ ಪುಟ್ಟ ಟೊಪ್ಪಿಯನ್ನು, ಮಡಿಸಿ ಇಟ್ಟುಕೊಂಡಳು. ಕೋಟೆಯ ದಿನ ಬರಲೆಂದು ಕಾದಳು. ಒಮ್ಮೆ ಕೊಟ್ಟುಬಿಟ್ಟರೆ ಮರಗಟ್ಟುವುದು ಮೊಣಕೈ ದಾಟುತ್ತದೆ, ಮಡಿಕೆಯೂ ಮಾಗುತ್ತದೆ, ಸಂಜೆಗಳು ಬರೀ ಸಂಜೆಗಳಾಗುತ್ತವೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕೋಟೆಯ ದಿನ ಬಂತು. ಗಾಡಿ ಕಟ್ಟಿದರು. ಬುತ್ತಿ, ಚಾಪೆ, ನೀರಿನ ತಂಬಿಗೆ, ಬಟ್ಟೆಯಲ್ಲಿ ಸುತ್ತಿದ ಕುಲಾವಿ. ಹಿರಿಯವಳು ಗಾಡಿಯ ಮೂಲೆಯಲ್ಲಿ ಕಾಲು ಮಡಚಿಕೊಂಡು ಕುಳಿತಳು. ಕಿರಿಯವಳು ಅವಳ ಕೈ ಹಿಡಿದವಳು ಬಿಟ್ಟುಬಿಟ್ಟಳು.

"ಅಮ್ಮಾ, ಅಕ್ಕನ ಕೈ ದೋಸೆ ಹೆಂಚಾಗಿದೆ."

"ಹಾಗಾದ್ರೆ ಎರಡು ದೋಸೆ ಹುಯ್ಕೊಂಡು ತಿನ್ನು" ಎಂದ ತಂದೆ. ಅಜ್ಜಿ ನಕ್ಕರು. ತಂದೆ ಹಿರಿಯವಳ ಕೈ ಹಿಡಿದು ನೋಡಿ, "ಚೆನ್ನಾಗೇ ಇದೆ" ಎಂದು ಬಿಟ್ಟ. ತಾಯಿ ಬೆಟ್ಟವನ್ನು ನೋಡುತ್ತಿದ್ದಳು.

ಕೋಟೆಯ ಹೆಬ್ಬಾಗಿಲಲ್ಲಿ ಬಾಗಿಲಾಕೆ ಕುಳಿತಿದ್ದಳು. ಮುಂದೆ ಒಂದು ದೀಪ, ದೀಪದ ಮೇಲೆ ಕರಗುತ್ತಿರುವ ಅರಗು. ಬಂದವರೆಲ್ಲ ಅಂಗೈ ಚಾಚಬೇಕು, ಅವಳು ಒಂದು ಹನಿ ಅರಗು ಬಿಡುತ್ತಾಳೆ. ಕೈ ಅಲುಗದಿದ್ದರೆ, "ಮಾಗಿದ ಕೈ, ಒಳಗೆ ಬನ್ನಿ" ಎನ್ನುತ್ತಾಳೆ. ಕೈ ಹಿಂದಕ್ಕೆ ಹೋದರೆ, "ಹಸಿ ಕೈ" ಎಂದು ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟುತ್ತಾಳೆ. ಹೊರಗೆ ಹೋಗುವಾಗ ಮತ್ತೆ ಒಂದು ಹನಿ. ಆಗ ಅಲುಗದಿದ್ದರೆ ದಾರ ಬಿಚ್ಚುತ್ತಾಳೆ.

ಅಜ್ಜಿ ಚಾಚಿದರು. ಹನಿ ಬಿತ್ತು. ಅಲುಗಲಿಲ್ಲ.

ತಂದೆ ಚಾಚಿದ. ಹನಿ ಬಿತ್ತು. ಅಲುಗಲಿಲ್ಲ.

ತಾಯಿ ಚಾಚಿದಳು. ಹನಿ ಬಿದ್ದದ್ದನ್ನು ನೋಡಿದಳು. ಬೇರೆ ಯಾರದೋ ಅಂಗಳದಲ್ಲಿ ಮಳೆಹನಿ ಬಿದ್ದಂತಿತ್ತು.

ಹಾಲುಹಲ್ಲು ಬಿದ್ದ ಮಕ್ಕಳೂ ಆ ವರ್ಷದಿಂದ ಚಾಚಬೇಕು. ಹಿರಿಯವಳು ಚಾಚಿದಳು. ಹನಿ ಬಿತ್ತು. "ಸ್..." ಎಂದು ಕೈ ಎಳೆದುಕೊಂಡಳು.

"ಹಸಿ ಕೈ" ಎಂದಳು ಬಾಗಿಲಾಕೆ, ದಾರ ಕಟ್ಟುತ್ತಾ. "ಮೊದಲನೇ ಸಲವಾ ಮಗಾ? ನಾಚ್ಕೋಬೇಡ. ಬರುವಾಗ ನಾನೇ ಬಿಚ್ಚುತ್ತೇನೆ."

"ಇವಳಪ್ಪ ಮೊದಲನೇ ಸಲ ಊರೆಲ್ಲ ಕೇಳೋ ಹಾಗೆ ಕಿರುಚಿದ್ದ" ಎಂದರು ಅಜ್ಜಿ.

"ಅಮ್ಮಾ, ಈಗ ಅದೆಲ್ಲ ಯಾಕೆ" ಎಂದ ತಂದೆ.

ಒಳಗೆ ಸುತ್ತಿದರು. ಫಿರಂಗಿ ನೋಡಿದರು, ಪಲ್ಲಕ್ಕಿ ನೋಡಿದರು. ಬೇರೆ ಮನೆಯ ಮಕ್ಕಳು ಫಿರಂಗಿ ಹತ್ತಿ ಕುದುರೆಯಾಟ ಆಡಿದರು. ಹಿರಿಯವಳು ಹತ್ತಲಿಲ್ಲ, ಗೋಡೆಗೆ ಒರಗಿ ನಿಂತಳು. "ನೋಡಿ, ಹಲ್ಲು ಬಿತ್ತು, ಬುದ್ಧಿ ಬಂತು" ಎಂದರು ಅಜ್ಜಿ ಹೆಮ್ಮೆಯಿಂದ.

ರಾಣಿಯ ಅಡುಗೆಮನೆ ನೋಡಿದರು. ಕೋಟೆಗೆ ಮೊಟ್ಟಮೊದಲು ಕೊಟ್ಟವಳು ಆ ರಾಣಿಯೇ. ಅರಸ ಬಾರದೆ, ಯುದ್ಧದಿಂದ ಬರಿದೇ ಮರಳಿ ಬಂದ ಅವನ ಪಾದರಕ್ಷೆಯನ್ನು ಗಾಜಿನಲ್ಲಿಟ್ಟು, ಮುಂದೆ ಮುಪ್ಪಿನವರೆಗೂ ಒಮ್ಮೆಯೂ ಅಳದೆ ಬದುಕಿದಳಂತೆ. ಅವಳ ಅಡುಗೆಮನೆಯ ಒಂದು ಪೆಟ್ಟಿಗೆಯಲ್ಲಿ ಕಬ್ಬಿಣದ ಎರಡು ಉದ್ದನೆಯ ಕಡ್ಡಿಗಳು, ಒಂದಕ್ಕೊಂದು ಮೊಳೆಯಲ್ಲಿ ಸೇರಿಕೊಂಡು, ತುದಿಯಲ್ಲಿ ಬಾಗಿಕೊಂಡು ಮಲಗಿದ್ದವು.

"ಇದೇನಪ್ಪಾ?" ಎಂದಳು ಕಿರಿಯವಳು.

"ಆಯುಧ ಇರಬೇಕು. ಶತ್ರುವಿನ ಮೂಗು ಹಿಡಿಯೋದು."

"ಯಾರ ಮೂಗು?"

"ಪ್ರಶ್ನೆ ಕೇಳೋರ ಮೂಗು" ಎಂದು ತಂದೆ ಅವಳ ಮೂಗು ಹಿಡಿದ. ಅದು ಇಕ್ಕಳವೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿಯಲು ಒಂದು ಸಾಮಾನು ಬೇಕಾದೀತೆಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಹುಣಸೆಮರದ ಕೆಳಗೆ ಚಾಪೆ ಹಾಸಿದರು. ಬುತ್ತಿ ಬಿಚ್ಚಿದರು. ಹಿರಿಯವಳು ಒಂದು ತುತ್ತನ್ನು ಬಾಯಲ್ಲಿ ಇಟ್ಟುಕೊಂಡು ಹಾಗೇ ಕುಳಿತಳು. "ಯಾಕೆ ಪುಟ್ಟಿ, ಸೇರ್ತಿಲ್ವಾ?" ಎಂದು ತಾಯಿ ಕೇಳಿದಳು. "ನೀರು" ಎಂದಳು ಮಗಳು. ಕುಡಿದಳು, ಮತ್ತೆ ಕೇಳಿದಳು, ಮತ್ತೆ ಕುಡಿದಳು. ತಾಯಿ ಅವಳ ಬಾಯಿ ಒರೆಸಿದಳು. ಬೆರಳುಗಳು ಕೆನ್ನೆಯ ಮೇಲೆ ಹಾದುಹೋದವು. ಬೆರಳುಗಳು ಏನೂ ಹೇಳಲಿಲ್ಲ.

ಆಮೇಲೆ ಗಾಜಿನ ಮನೆಗೆ ಹೋದರು.

ಗಾಜಿನ ಮನೆ ಉದ್ದನೆಯ ಮೊಗಸಾಲೆ. ಎರಡು ಬದಿಗೂ ಪೆಟ್ಟಿಗೆಗಳು. ಊರುಗೋಲುಗಳು, ತಟ್ಟೆಗಳು, ಕನ್ನಡಕಗಳು, ಬೀಗವಿಲ್ಲದ ಕೀಲಿಗಳು, ಒಂಟಿ ಗೆಜ್ಜೆಗಳು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಜನ ಮೆಲ್ಲಗೆ ನಡೆಯುತ್ತಿದ್ದರು, ಬೆರಳು ತೋರಿಸುತ್ತಿದ್ದರು, ಮುಂದೆ ಹೋಗುತ್ತಿದ್ದರು. ಗಾಜುಗಳನ್ನು ಒರೆಸುವ ಮುದುಕ ಒಂದು ಖಾಲಿ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದು ನಿಂತಿದ್ದ.

"ಬನ್ನಿ, ಬನ್ನಿ. ಏನು ತಂದಿದ್ದೀರಿ?"

"ಕುಲಾವಿ" ಎಂದಳು ತಾಯಿ.

"ಚಿಕ್ಕದು. ಜಾಗ ಜಾಸ್ತಿ ಬೇಡ" ಎಂದ ಮುದುಕ.

ತಾಯಿ ಬಟ್ಟೆ ಬಿಚ್ಚಿದಳು. ಕುಲಾವಿಯನ್ನು ಪೆಟ್ಟಿಗೆಯೊಳಗೆ ಇಟ್ಟಳು. ಅಜ್ಜಿ ಕೈಯಿಟ್ಟರು. ತಂದೆ ಕೈಯಿಟ್ಟ. ತಾಯಿ ಕೈಯಿಟ್ಟಳು. ಇನ್ನು ಹಿರಿಯವಳು.

"ಬಾ ಪುಟ್ಟಿ" ಎಂದಳು ತಾಯಿ. "ಅಪ್ಪನ ಕೈ ಮೇಲೆ ಕೈ ಇಡು. ಆಮೇಲೆ ಏನೂ ಆಗಲ್ಲ."

ಹಿರಿಯವಳು ಬಂದಳು. ಅರಿಶಿನದ ದಾರದ ಕೈಯನ್ನು ಎತ್ತಿದಳು. ಎತ್ತಿದ ಕೈ ಅಪ್ಪನ ಕೈವರೆಗೆ ಹೋಗಲಿಲ್ಲ. ಮಗು ಸುಮ್ಮನೆ ತಾಯಿಯ ಕಡೆಗೆ ವಾಲಿ, ತಲೆಯನ್ನು ಅವಳ ತೋಳಿನ ಮಡಿಕೆಯಲ್ಲಿ ಇಟ್ಟುಬಿಟ್ಟಳು.

ಬೆಂಕಿ.

ತಾಯಿ ಅಲುಗದೆ ನಿಂತಳು. ಇನ್ನೂ ಸಂಜೆಯಾಗಿರಲಿಲ್ಲ, ಹಾಲಿನ ಹೊತ್ತಾಗಿರಲಿಲ್ಲ. ಇದು ನೆನಪಿನ ಬಿಸಿಯಲ್ಲ. ಇದು ಇಲ್ಲಿ ಇತ್ತು.

"ಅತ್ತೆ, ಮಗು ಸುಡ್ತಿದೆ."

ಅತ್ತೆ ಕುಲಾವಿಯಿಂದ ಕೈ ತೆಗೆದು ಮೊಮ್ಮಗಳ ಹಣೆಯ ಮೇಲೆ ಅಂಗೈ ಇಟ್ಟರು. "ಏನೂ ಇಲ್ವಲ್ಲೇ, ತಣ್ಣಗಿದೆ."

ಗಂಡ ಅಂಗೈ ಇಟ್ಟ. "ಬಿಸಿಲಲ್ಲಿ ನಡೆದಿದ್ದಾಳೆ, ಸುಸ್ತಾಗಿದೆ ಅಷ್ಟೇ. ಇದೊಂದು ಮುಗಿಸಿ ಇಳಿದುಬಿಡೋಣ."

ಕಿರಿಯವಳು ಸೆರಗು ಎಳೆದಳು. "ನಾನು ಬೆಳಿಗ್ಗೆನೇ ಹೇಳ್ದೆ."

ಮುದುಕ ಮುಚ್ಚಳ ಹಿಡಿದೇ ನಿಂತಿದ್ದ. "ತಾಯೀ, ಹಿಂದೆ ಬೇರೆ ಮನೆಯವರು ಕಾಯ್ತಿದ್ದಾರೆ. ಕೊಡುವ ಹೊತ್ತಿಗೆ ಎಲ್ಲರಿಗೂ ಹೀಗೇ ಏನೋ ಒಂದು ಅನಿಸುತ್ತೆ. ಮಾತು ಹೇಳಿಬಿಡಿ, ಆಮೇಲೆ ನೀವೇ ನಗ್ತೀರಿ."

ಅವನು ಹೇಳಿದ್ದು ಸುಳ್ಳಲ್ಲ. ಮಾತು ಹೇಳಿದರೆ ಮುಚ್ಚಳ ಬೀಳುತ್ತದೆ. ಮಡಿಕೆ ಮಾಗುತ್ತದೆ. ಕೂಸಿನ ತಲೆಯ ಬಿಸಿ ಹೋಗುತ್ತದೆ. ಅದರ ಜೊತೆಗೆ ಈ ತಲೆಯ ಬಿಸಿಯೂ ಹೋಗುತ್ತದೆ. ಆಗ ಇವಳೂ ತಣ್ಣಗಿದ್ದಾಳೆ ಎಂದೇ ಅವಳಿಗೂ ಅನಿಸುತ್ತದೆ. ಬೆಳಗಿನವರೆಗೂ ಹಾಗೇ ಅನಿಸುತ್ತದೆ.

ತಾಯಿ ಕುಲಾವಿಯನ್ನು ನೋಡಿದಳು. ಅತ್ತೆಯ ಅಂಗೈ ನೋಡಿದಳು, ಗಂಡನ ಅಂಗೈ ನೋಡಿದಳು, ತನ್ನದನ್ನು ನೋಡಿದಳು. ಮೂರರ ಮೇಲೂ ಅರಗಿನ ಹನಿ ಕೆಂಪಗೆ ಒಣಗಿ ಕುಳಿತಿತ್ತು.

"ಅವತ್ತೂ ಹೀಗೇ ಅಂದ್ರಿ" ಎಂದಳು.

ಅತ್ತೆ ಮೊಮ್ಮಗಳ ಹಣೆಯಿಂದ ಅಂಗೈ ತೆಗೆದರು.

"ನನ್ನ ತೋಳು ಅವತ್ತೂ ಹೇಳಿತ್ತು. ನಾನು ನಿಮ್ಮ ಕೈ ಮಾತು ಕೇಳಿದೆ. ಇವತ್ತು ತೋಳಿನ ಮಾತು ಕೇಳ್ತೀನಿ."

ಅಷ್ಟು ಹೇಳಿ ಪೆಟ್ಟಿಗೆಯಿಂದ ಕುಲಾವಿಯನ್ನು ತೆಗೆದುಕೊಂಡಳು. ಇಟ್ಟದ್ದನ್ನು ತೆಗೆದವರು ಆ ಕೋಟೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ತೆಗೆದರೆ ಏನು ಮಾಡಬೇಕೆಂಬ ಕಟ್ಟಳೆಯೂ ಇರಲಿಲ್ಲ. ಮುದುಕ ಮುಚ್ಚಳ ಹಿಡಿದುಕೊಂಡೇ ಉಳಿದ. ಮುಚ್ಚಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ಮಗಳನ್ನು ಎತ್ತಿಕೊಂಡು ಅವಳು ರಾಣಿಯ ಕೊಳಕ್ಕೆ ಇಳಿದಳು. ಕೊಳದ ಸುತ್ತ ಹಗ್ಗ, ಹಗ್ಗಕ್ಕೆ ಹಲಗೆ, ಹಲಗೆಯ ಮೇಲೆ 'ಮುಟ್ಟಬಾರದು'. ನೋಡಲೆಂದೇ ಇಟ್ಟ ನೀರು ಅದು. ಹಗ್ಗ ದಾಟಿ ಮೆಟ್ಟಿಲ ಮೇಲೆ ಕುಳಿತಳು. ಮಗಳ ತಲೆಯನ್ನು ತೋಳಿನ ಮಡಿಕೆಯಲ್ಲಿ ಇಟ್ಟುಕೊಂಡಳು. ಕುಲಾವಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಹಣೆಯ ಮೇಲೆ ಹಾಕಿದಳು. ಅದು ಸರಿಯಾಗಿ ಆ ಹಣೆಯಷ್ಟೇ ಅಗಲವಿತ್ತು.

ಬಟ್ಟೆ ಬೆಚ್ಚಗಾಯಿತು. ಮತ್ತೆ ಅದ್ದಿದಳು, ಹಿಂಡಿದಳು, ಹಾಕಿದಳು. ಬೆಚ್ಚಗಾಯಿತು. ಮತ್ತೆ ಅದ್ದಿದಳು.

ಹಗ್ಗದ ಆಚೆ ಜನ ಸೇರಿದರು. ಇದೂ ಕೋಟೆಯಲ್ಲಿ ತೋರಿಸುವ ಒಂದು ಹಳೆಯ ಪದ್ಧತಿ ಇರಬೇಕೆಂದುಕೊಂಡು ಒಬ್ಬಳು ತನ್ನ ಮಕ್ಕಳಿಗೆ, "ನೋಡಿ, ಹಿಂದಿನ ಕಾಲದಲ್ಲಿ ಹೀಗೆ ಮಾಡ್ತಿದ್ರು" ಎಂದು ಬೆರಳು ತೋರಿಸಿದಳು. ತಂದೆ ಬಂದು ಮೆಟ್ಟಿಲ ಮೇಲೆ ನಿಂತ. ಬಯ್ಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಂಬಿಗೆಯಲ್ಲಿ ನೀರು ತುಂಬಿ ಅವಳ ಕೈಗೆ ಎಟಕುವಂತೆ ಇಟ್ಟ.

ಅದ್ದುತ್ತಾ ಹಿಂಡುತ್ತಾ ಯಾವಾಗಲೋ ತಾಯಿಯ ಮಣಿಕಟ್ಟಿನಲ್ಲಿ ಸಣ್ಣದೊಂದು ಚಳಿ ಇಳಿಯಿತು. ಅದು ನೀರಿನದೆಂದು ಗೊತ್ತಾಗಲು ಅವಳಿಗೆ ಹೊತ್ತು ಹಿಡಿಯಿತು. ಚಳಿ ಅಂಗೈಗೆ ಇಳಿಯಿತು. ಚಳಿಯ ಹಿಂದೆಯೇ ನೋವು ಇಳಿಯಿತು. ಜೋಮು ಬಿಡುವಾಗ ಸೂಜಿಗಳು ಚುಚ್ಚುವಂತೆ, ಕೊಟ್ಟು ಮರೆತಿದ್ದ ತವರಿನ ಸಾವುಗಳೆಲ್ಲ ಒಂದೊಂದಾಗಿ ಬೆರಳುಗಳಿಗೆ ಬಂದವು. ಅವಳು ಅಳಲಿಲ್ಲ. ಹಿಂಡುವುದನ್ನೂ ನಿಲ್ಲಿಸಲಿಲ್ಲ.

ಇಳಿಯುವ ಹೊತ್ತಾಯಿತು. ಹೆಬ್ಬಾಗಿಲಲ್ಲಿ ಬಾಗಿಲಾಕೆ ಅರಗು ಹಿಡಿದು ಕುಳಿತಿದ್ದಳು. ಅಜ್ಜಿ ಚಾಚಿದರು, ಅಲುಗಲಿಲ್ಲ. ತಂದೆ ಚಾಚಿದ, ಅಲುಗಲಿಲ್ಲ. ಮಗಳು ತಂದೆಯ ಹೆಗಲ ಮೇಲೆ ಕಣ್ಣುಮುಚ್ಚಿ ಮಲಗಿದ್ದಳು.

"ಮಗುವಿನ ದಾರ ಬಿಚ್ಚಲಾ?" ಎಂದಳು ಬಾಗಿಲಾಕೆ.

"ಬೇಡ, ಇರಲಿ" ಎಂದ ತಂದೆ.

ತಾಯಿ ಅಂಗೈ ಚಾಚಿದಳು. ಹನಿ ಬಿತ್ತು.

"ಸ್..." ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಬಾಗಿಲಾಕೆ ದೀಪದ ಆಚೆಯಿಂದ ಅವಳ ಮುಖ ನೋಡಿದಳು. ಬೆಳೆದ ಹೆಂಗಸಿನ ಕೈಗೆ ಅವಳು ಎಂದೂ ದಾರ ಕಟ್ಟಿದವಳಲ್ಲ. ಕಟ್ಟಬೇಕಾದಾಗ ದಾರದ ಅಳತೆ ಸಾಲದೆ ಎರಡು ದಾರಗಳನ್ನು ಗಂಟು ಹಾಕಿದಳು. "ಹಸಿ ಕೈ" ಎಂದು ಮೆಲ್ಲಗೆ, ತನಗೇ ಹೇಳಿಕೊಂಡಂತೆ ಹೇಳಿದಳು.

ಗಾಡಿ ಇಳಿಜಾರಿನಲ್ಲಿ ನಡೆಯಿತು. ಹಿರಿಯವಳ ತಲೆ ತಾಯಿಯ ತೋಳಿನ ಮಡಿಕೆಯಲ್ಲಿತ್ತು, ಹಣೆಯ ಮೇಲೆ ಒದ್ದೆ ಕುಲಾವಿ. ಕಿರಿಯವಳು ನಿದ್ದೆ ಹೋಗಿದ್ದಳು. ಎದುರಿಗೆ ಅಜ್ಜಿ ಬಹಳ ದೂರದವರೆಗೆ ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಬೇರೆಯವರ ಸಾಮಾನು ಕಾಯುವವರಂತೆ ಕುಳಿತಿದ್ದರು. ಅವರ ಕೈ ಹೆಗಲವರೆಗೂ ಮಾಗಿತ್ತು.

ಕೊನೆಗೆ ಅಜ್ಜಿ ಮುಂದಕ್ಕೆ ಬಾಗಿದರು. ಕೈ ಚಾಚಲಿಲ್ಲ. ಕುಲಾವಿಯನ್ನು ಹಲ್ಲಿನಿಂದ ಮೆಲ್ಲಗೆ ಪಕ್ಕಕ್ಕೆ ಎಳೆದು, ತಮ್ಮ ಸುಕ್ಕುಗಟ್ಟಿದ ಕೆನ್ನೆಯನ್ನು ಮೊಮ್ಮಗಳ ಹಣೆಗೆ ಒತ್ತಿದರು. ಕೆನ್ನೆಯಿಂದ ಯಾರೂ ಯಾವತ್ತೂ ಏನನ್ನೂ ಕೋಟೆಗೆ ಕೊಟ್ಟಿರಲಿಲ್ಲ.

ಗಾಡಿ ಒಂದು ತಿರುವು ದಾಟಿತು.

"ಹೌದು ಕಣೇ" ಎಂದರು ಅಜ್ಜಿ. "ಸುಡ್ತಿದೆ."

ಆಮೇಲೆ, "ಅವತ್ತೂ ಸುಡ್ತಿತ್ತೇನೋ" ಎಂದರು.

ಅಜ್ಜಿ ಮನೆ ಬರುವವರೆಗೂ ಕೆನ್ನೆ ತೆಗೆಯಲಿಲ್ಲ.

ಜ್ವರ ಇಳಿಯಿತೇ ಎಂದು ನೀವು ಕೇಳುತ್ತೀರಿ. ಸ್ವಾಮಿಯ ದಯೆ, ಇಳಿಯಿತು. ಇಳಿದದ್ದು ಮೊದಲು ತಿಳಿದದ್ದು ಆ ತೋಳಿನ ಮಡಿಕೆಗೆ. ಸಂಜೆಯ ಹಾಲಿನ ಹೊತ್ತಿಗೆ ಆ ತಾಯಿಗೆ ಈಗಲೂ ಅಲ್ಲಿ ಭಾರವಾಗುತ್ತದೆ. ಆ ಭಾರ ಹೋಗುವುದಿಲ್ಲ, ಹೋಗಲೆಂದು ಅವಳು ಕೇಳುವುದೂ ಇಲ್ಲ. ಕುಲಾವಿ ಗೂಟಕ್ಕೆ ನೇತುಬಿದ್ದಿದೆ, ಯಾರಿಗಾದರೂ ಮೈ ಬೆಚ್ಚಗಾದರೆ ಅದನ್ನೇ ಒದ್ದೆ ಮಾಡುತ್ತಾರೆ. ಅವಳ ಒಲೆಯ ಪಕ್ಕದಲ್ಲಿ ಕಬ್ಬಿಣದ ಎರಡು ಕಡ್ಡಿಗಳ ಸಾಮಾನೊಂದು ಇದೆ. ನೆರೆಯವರು ಬಂದು ಅದು ಏನೆಂದು ಕೇಳುತ್ತಾರೆ.

ಈ ಕಥೆಯನ್ನು ಕೇಳಿದ ನಿಮ್ಮೆಲ್ಲರ ಕೈಗೆ ಬಿಸಿಯು ಬಿಸಿಯಾಗಿಯೇ ತಿಳಿಯಲಿ, ತಂಪು ತಂಪಾಗಿಯೇ ತಿಳಿಯಲಿ. ಕೈ ಮರಗಟ್ಟಿದವರಿಗೆ ಒಂದು ತೋಳಿನ ಮಡಿಕೆಯಾದರೂ ಹಸಿಯಾಗಿ ಉಳಿಯಲಿ. ಅದೂ ಇಲ್ಲದವರಿಗೆ ಸ್ವಾಮಿ ಒಂದು ಕೆನ್ನೆಯನ್ನಾದರೂ ಉಳಿಸಿರಲಿ. ನಿಮ್ಮ ಮನೆಯ ಮಕ್ಕಳ ಹಣೆ ತಣ್ಣಗಿರಲಿ, ನಿಜಕ್ಕೂ ತಣ್ಣಗಿರಲಿ.